ಸಂಖ್ಯೆ ಸರಿಯಿದ್ದರೂ ಜೋಡಿಯಾಗದ ವರ್ಣತಂತುಗಳು

ಪ್ರಶ್ನೆ: ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳಿರುವುದರಿಂದ ಹೇಸರಗತ್ತೆಗೆ ಸಂತಾನವಾಗುವುದಿಲ್ಲ ಎಂದು ಓದಿದ್ದೇನೆ. ಆದರೆ ಯುರೋಪಿನ ಎರಡು ಬಗೆಯ ಮನೆಯಿಲಿಗಳಲ್ಲಿ ವರ್ಣತಂತುಗಳ ಸಂಖ್ಯೆ ಒಂದೇ ಆಗಿದ್ದರೂ ಅವುಗಳ ಮಿಶ್ರತಳಿಯಲ್ಲಿ ಗಂಡು ಮಾತ್ರ ಸಂತಾನಹೀನವಾಗುವುದೇಕೆ?

ಉತ್ತರ: ಹೇಸರಗತ್ತೆಯ ಉದಾಹರಣೆ ನಮ್ಮ ಮನಸ್ಸಿನಲ್ಲಿ ಎಷ್ಟು ಬೇರೂರಿದೆಯೆಂದರೆ, ಸಂಖ್ಯೆ ಹೊಂದಿದರೆ ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆ ಎಂದೇ ಅನೇಕರು ಭಾವಿಸಿರುತ್ತಾರೆ. ಪಶ್ಚಿಮ ಯುರೋಪಿನ ಡೊಮೆಸ್ಟಿಕಸ್, ಪೂರ್ವ ಯುರೋಪಿನ ಮಸ್ಕ್ಯುಲಸ್ ಎಂಬ ಎರಡೂ ಉಪಪ್ರಭೇದಗಳಿಗೆ ಇರುವುದು 20 ಜೋಡಿ ವರ್ಣತಂತುಗಳೇ. ಆದರೂ ಪ್ರಯೋಗಾಲಯದ ಕೆಲವು ತಳಿಗಳಲ್ಲಿ ಮಸ್ಕ್ಯುಲಸ್ ತಾಯಿಗೂ ಡೊಮೆಸ್ಟಿಕಸ್ ತಂದೆಗೂ ಹುಟ್ಟಿದ ಗಂಡುಗಳ ವೃಷಣ ಚಿಕ್ಕದಾಗಿದ್ದು, ಅದರಲ್ಲಿ ವೀರ್ಯಾಣುಗಳೇ ಬೆಳೆಯುವುದಿಲ್ಲ.

ತೊಡಕಿರುವುದು ವೀರ್ಯಾಣು, ಅಂಡಗಳು ತಯಾರಾಗುವಾಗ ನಡೆಯುವ ಮಿಯಾಸಿಸ್ ಎಂಬ ಕೋಶವಿಭಜನೆಯಲ್ಲಿ. ಆಗ ತಾಯಿಯಿಂದ ಬಂದ ಪ್ರತಿಯೊಂದು ವರ್ಣತಂತುವೂ ತಂದೆಯಿಂದ ಬಂದ ತನ್ನ ಸಂಗಾತಿಯನ್ನು ಹುಡುಕಿ ಉದ್ದಕ್ಕೂ ಕೂಡಿಕೊಳ್ಳಬೇಕು. ಇದಕ್ಕೆ ಕೋಶ ಹಿಡಿಯುವ ದಾರಿ ವಿಚಿತ್ರವಾದದ್ದು: ಅದು ತನ್ನ ಡಿಎನ್‌ಎಯನ್ನು ಸುಮಾರು 200ರಿಂದ 300 ಕಡೆ ತಾನೇ ಕತ್ತರಿಸುತ್ತದೆ, ತುಂಡಾದ ತುದಿಗಳು ದುರಸ್ತಿಗೆ ಬೇಕಾದ ಮಾದರಿಯನ್ನು ಹುಡುಕುತ್ತ ಹೋದಂತೆ ಸಂಗಾತಿ ಸಿಗುತ್ತದೆ. ಎಲ್ಲಿ ಕತ್ತರಿಸಬೇಕೆಂಬ ಗುರುತು ಹಾಕುವುದು ಪಿಆರ್‌ಡಿಎಂ9 ಎಂಬ ಪ್ರೋಟೀನು. ಪ್ರಾಗ್‌ನ ತಳಿವಿಜ್ಞಾನಿ ಯಿರಿ ಫೋರೆಯ್ಟ್ ಅವರು 1974ರಲ್ಲಿ ಈ ಸಂತಾನಹೀನತೆಯನ್ನು ಒಂದು ವರ್ಣತಂತು ನೆಲೆಗೆ ಜೋಡಿಸಿದ್ದರು. ಆ ನೆಲೆಯಲ್ಲಿರುವುದು ಈ ಪ್ರೋಟೀನನ್ನು ತಯಾರಿಸುವ ವಂಶವಾಹಿಯೇ ಎಂದು ಅವರ ತಂಡ ತೋರಿಸಿದ್ದು 2009ರಲ್ಲಿ.

ಕತ್ತರಿಸಿದ ಪ್ರತಿಯನ್ನು ಕತ್ತರಿಸದ ಪ್ರತಿಯನ್ನು ನೋಡಿ ಸರಿಪಡಿಸುವುದರಿಂದ, ಕಡಿತದ ಜಾಗದಲ್ಲಿ ಕತ್ತರಿಸದ ಪ್ರತಿಯ ನಕಲೇ ಬಂದು ಕೂರುತ್ತದೆ; ಹೀಗಾಗಿ ಪ್ರೋಟೀನಿಗೆ ಚೆನ್ನಾಗಿ ಅಂಟುವ ತಾಣಗಳೇ ತಲೆಮಾರುಗಳು ಕಳೆದಂತೆ ಸವೆದುಹೋಗುತ್ತವೆ. ಹೀಗೆ ಪ್ರತಿ ಉಪಪ್ರಭೇದದ ಪ್ರೋಟೀನು ಸವೆಸಿರುವುದು ತನ್ನ ವಂಶದ ಡಿಎನ್‌ಎಯನ್ನು ಮಾತ್ರ. ಎದುರಿನ ವಂಶದಲ್ಲಿ ಅದರ ತಾಣಗಳು ಸವೆಯದೆ ಉಳಿದಿರುತ್ತವೆ. ಇವೆರಡೂ ಮಿಶ್ರತಳಿಯಲ್ಲಿ ಸೇರಿದಾಗ ತಾಯಿಯ ಪ್ರೋಟೀನು ಹೆಚ್ಚಾಗಿ ತಂದೆಯ ವರ್ಣತಂತುವಿಗೆ, ತಂದೆಯದು ತಾಯಿಯದಕ್ಕೆ ಅಂಟುತ್ತದೆ. ಒಂದರಲ್ಲಿ ಕಡಿತವಾದ ಜಾಗಕ್ಕೆ ಸಂಗಾತಿಯಲ್ಲಿ ಗುರುತೇ ಇಲ್ಲದ್ದರಿಂದ ದುರಸ್ತಿ ತಡವಾಗುತ್ತದೆ, ಕೆಲವು ಜೋಡಿಗಳು ಕೂಡಿಕೊಳ್ಳುವುದೇ ಇಲ್ಲ. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಪ್ರೋಟೀನಿನ ಡಿಎನ್‌ಎಗೆ ಅಂಟುವ ಭಾಗವನ್ನು ತೆಗೆದು ಮನುಷ್ಯನದನ್ನು ಇರಿಸಿದಾಗ ಮಿಶ್ರತಳಿಯ ಗಂಡುಗಳಿಗೆ ಸಂತಾನಶಕ್ತಿ ಮರಳಿತು. ಇಲಿಯ ಡಿಎನ್‌ಎಯಲ್ಲಿ ಮನುಷ್ಯನ ಪ್ರೋಟೀನು ಎಂದೂ ಕೆಲಸ ಮಾಡಿರಲಿಲ್ಲವಾದ್ದರಿಂದ ಅದರ ತಾಣಗಳು ಎರಡೂ ಕಡೆ ಸಮವಾಗಿ ಉಳಿದಿದ್ದವು. ನನ್ನ ಮಟ್ಟಿಗೆ ಈ ವಿವರಣೆಗೆ ಇದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ.

ಇನ್ನು ಹೆಣ್ಣಿನ ಮಾತು. ಅವುಗಳಲ್ಲಿಯೂ ಜೋಡಣೆ ಕೆಡುವುದುಂಟು, ಆದರೆ ಜೋಡಣೆ ಸರಿಯಾಗಿದೆಯೇ ಎಂದು ಅಂಡವಾಗುವ ಕೋಶಗಳಲ್ಲಿ ನಡೆಯುವ ತಪಾಸಣೆ ಅಷ್ಟು ಕಟ್ಟುನಿಟ್ಟಾದುದಲ್ಲದ್ದರಿಂದ ಸಾಕಷ್ಟು ಅಂಡಗಳು ಉಳಿದುಕೊಳ್ಳುತ್ತವೆ. ಗಂಡಿನಲ್ಲಿ ಎಕ್ಸ್ ಮತ್ತು ವೈ ವರ್ಣತಂತುಗಳು ಬಹುಪಾಲು ಜೋಡಿಯಾಗದೆ ಉಳಿಯುವುದೇ ಸಹಜವಾದ್ದರಿಂದ, ಅವುಗಳ ವಂಶವಾಹಿಗಳನ್ನು ಆ ಹಂತದಲ್ಲಿ ಕೋಶ ಸುಮ್ಮನಾಗಿಸಲೇಬೇಕು. ಬೇರೆ ವರ್ಣತಂತುಗಳೂ ಒಂಟಿಯಾಗಿ ಉಳಿದರೆ ಈ ವ್ಯವಸ್ಥೆ ಏರುಪೇರಾಗಿ ಕೋಶ ಸಾಯುತ್ತದೆ. ಜೊತೆಗೆ ಮಸ್ಕ್ಯುಲಸ್ ತಾಯಿಯ ಎಕ್ಸ್‌ನಲ್ಲಿರುವ ಒಂದು ನೆಲೆಯೂ ತೊಂದರೆಯನ್ನು ಹೆಚ್ಚಿಸುವುದರಿಂದ, ತಾಯಿ ತಂದೆಯರ ಉಪಪ್ರಭೇದವನ್ನು ಅದಲುಬದಲಾಗಿಸಿದರೆ ಗಂಡುಮರಿಗಳಲ್ಲಿ ಸ್ವಲ್ಪಮಟ್ಟಿಗಾದರೂ ವೀರ್ಯಾಣುಗಳು ಕಾಣಿಸಿಕೊಳ್ಳುತ್ತವೆ.