ಸಾವಿರ ರೂಪಾಯಲ್ಲಿ ಕ್ರಿಸ್‌ಮಸ್ ಅಲಂಕಾರ: ಟ್ರೀ ಬಿಡಿ, ನಕ್ಷತ್ರ ಕಟ್ಟಿ

ಮೈಸೂರಿನಲ್ಲಿ ಸಣ್ಣ ಬಾಡಿಗೆ ಮನೆ, ಕೈಯಲ್ಲಿ ಸಾವಿರ ರೂಪಾಯಿ, ಮನೇಲಿ ಇಬ್ಬರು ಮಕ್ಕಳು. ಇಷ್ಟರಲ್ಲೇ ಕ್ರಿಸ್‌ಮಸ್‌ಗೆ ಮನೆ ಸಿಂಗರಿಸಬಹುದಾ, ಪ್ಲಾಸ್ಟಿಕ್ ಟ್ರೀ ಕೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತೆ. ಟ್ರೀ ಸದ್ಯಕ್ಕೆ ಬಿಡಿ. ಬಾಗಿಲಿಗೊಂದು ನಕ್ಷತ್ರ, ಒಳಗೊಂದು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಬೊಂಬೆ ಜೋಡಣೆ) ಇದ್ದರೆ ನಮ್ಮ ಕಡೆ ಅದು ಹಬ್ಬದ ಮನೆ. ದುಡ್ಡು, ಶ್ರಮ ಎರಡನ್ನೂ ಇವಕ್ಕೇ ಹಾಕಿ.

ಗೋದಲಿಯಲ್ಲಿ ನಿಜವಾದ ಖರ್ಚು ಬೊಂಬೆಗಳದ್ದು. ಪೂರ್ತಿ ಸೆಟ್ಟಿಗೆ ಹೋಗಬೇಡಿ. ಈ ವರ್ಷ ಬಾಲಯೇಸು, ಮರಿಯಮ್ಮ, ಜೋಸೆಫರು ಸಾಕು. ಮಗುವನ್ನು ನೋಡಲು ಬಂದ ಕುರುಬರು, ಮೂವರು ಜ್ಞಾನಿಗಳು ಮುಂದೆ ವರ್ಷಕ್ಕೊಬ್ಬರಂತೆ ಬರಲಿ. ಹಸು, ಕುರಿ ಬೇಕಿದ್ದರೆ ದಸರೆಗೆ ಬೊಂಬೆ ಕೂರಿಸುವ ಅಕ್ಕಪಕ್ಕದವರನ್ನು ಕೇಳಿ. ನಮ್ಮ ಗೋದಲಿಯ ಮಣ್ಣಿನ ಹಸು ಪಕ್ಕದ ಮನೆ ಅಜ್ಜಿ ಪ್ರೀತಿಯಿಂದ ಕೊಟ್ಟದ್ದು. ಚಿಕ್ಕದಾಯಿತಲ್ಲ ಅಂತ ಕೊರಗಲೂ ಬೇಡಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯಲ್ಲಿ ಇದ್ದದ್ದು ಒಣಹುಲ್ಲಿನ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಬಡತನದಲ್ಲಿ ಹುಟ್ಟಿದ ಮಗುವನ್ನು ಜನ ಕಣ್ಣಾರೆ ಕಾಣಲಿ ಅನ್ನೋದು ಅವರ ಆಸೆಯಾಗಿತ್ತು.

ಮಂಡ್ಯ ಕಡೆ ನೆಂಟರಿದ್ದರೆ ಗೋದಲಿಗೆ ಒಂದು ಕಂತೆ ಭತ್ತದ ಹುಲ್ಲು ತರಿಸಿ, ಹೇಗೂ ಕೊಯ್ಲಿನ ಕಾಲ. ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರನ್ನು ಚೆನ್ನಾಗಿ ಮುದುಡಿ, ಬಿಡಿಸಿ, ಅಲ್ಲಲ್ಲಿ ಇದ್ದಿಲ ಪುಡಿ ಸವರಿದರೆ ಬೆಟ್ಟ ತಯಾರು. ಹಸಿರಿಗೆ ರಾಗಿ ಪೈರು ಬೆಳೆಸಿ. ಒಂದು ಹಿಡಿ ರಾಗಿ ರಾತ್ರಿ ನೆನೆಹಾಕಿ, ಅಗಲವಾದ ಹಳೇ ಡಬ್ಬಿ ಮುಚ್ಚಳದಲ್ಲಿ ತೆಳ್ಳಗೆ ಮಣ್ಣು ಹರಡಿ ಒತ್ತಾಗಿ ಚೆಲ್ಲಿ. ಮೊಳಕೆ ಕಾಣುವವರೆಗೆ ಒದ್ದೆ ಬಟ್ಟೆ ಮುಚ್ಚಿಡಿ, ಆಮೇಲೆ ಬೆಳಕಿಗೆ ತಂದು ನೀರು ಚಿಮುಕಿಸುತ್ತಾ ಬನ್ನಿ. ಚಳಿಗೆ ನಿಧಾನವಾಗಿ ಏಳುತ್ತೆ, ಆದ್ದರಿಂದ 12, 13ನೇ ತಾರೀಕಿಗೇ ಹಾಕಿಬಿಡಿ. ಬೆಳಿಗ್ಗೆ ಎದ್ದ ಕೂಡಲೇ ಪೈರು ನೋಡೋಕೆ ಓಡುವ ಮಕ್ಕಳ ಖುಷಿ ಯಾವ ಅಂಗಡಿಯಲ್ಲೂ ಸಿಗಲ್ಲ.

ಇನ್ನು ನಕ್ಷತ್ರ. ಎರಡಡಿ ಉದ್ದದ ಹತ್ತು ಬಿದಿರು ಕಡ್ಡಿ ಸೀಳಿಸಿಕೊಳ್ಳಿ. ಐದೈದು ಸೇರಿಸಿ ಐದು ಮೂಲೆಯ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ತುದಿಗಳನ್ನು ದಾರದಿಂದ ಬಿಗಿಯಿರಿ. ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ನಾಲ್ಕೈದು ಇಂಚಿನ ತುಂಡು ಕೊಟ್ಟರೆ ಹೊಟ್ಟೆ ಉಬ್ಬುತ್ತೆ. ಗಾಳಿಪಟದ ಕಾಗದವನ್ನು ಮೈದಾ ಅಂಟಿನಲ್ಲಿ ಹಚ್ಚಿ, ಬಲ್ಬಿಗೆ ಕೈ ಹೋಗುವಷ್ಟು ಜಾಗ ಹಿಂದೆ ಬಿಡಿ. ಬಲ್ಬು ಎಲ್‌ಇಡಿಯೇ ಇರಲಿ, ಐದು ವ್ಯಾಟ್ ಸಾಕು. ಹಳೇ ಫಿಲಮೆಂಟ್ ಬಲ್ಬಿನ ಕಾವಿಗೆ ಕಾಗದ ಹೊತ್ತಿಕೊಂಡೀತು. ಬಯಲಲ್ಲಿ ತೂಗುಹಾಕಿದರೆ ಇಬ್ಬನಿಗೆ ಕಾಗದ ಜೋತುಬೀಳುತ್ತೆ, ಬಾಗಿಲ ಮೇಲಿನ ಸಜ್ಜಾ ಕೆಳಗೆ ಕಟ್ಟಿ.

ಉಳಿದ ದುಡ್ಡಲ್ಲಿ ಗೋದಲಿಗೆ ಒಂದೇ ಒಂದು ಸೀರಿಯಲ್ ಸೆಟ್, ದೇವರಾಜ ಮಾರುಕಟ್ಟೆಯಿಂದ ಬಾಗಿಲಿಗೆ ಒಂದು ಮಾರು ಸೇವಂತಿಗೆ. ಮಕ್ಕಳು ಟ್ರೀ ಬೇಕೇ ಬೇಕು ಅಂತ ಹಟ ಮಾಡಿದರೆ ಸರ್ವೆ ಮರದ ಕೊಂಬೆ ಕೇಳಿ ತಂದು ಒದ್ದೆ ಮರಳಿನ ಬಕೆಟ್ಟಿನಲ್ಲಿ ನಿಲ್ಲಿಸಿ. ಅದರ ಹತ್ತಿರ ಮೇಣದಬತ್ತಿ ಹಚ್ಚಬೇಡಿ, ಒಣಗಿದ ಸರ್ವೆಗೆ ಬೆಂಕಿ ಬೇಗ ಹಿಡಿಯುತ್ತೆ.

ಬಾಲಯೇಸುವನ್ನು ಮೊದಲೇ ಇಡಬೇಡಿ, 24ರ ರಾತ್ರಿ ಪೂಜೆ ಮುಗಿಸಿ ಬಂದು ಮಕ್ಕಳ ಕೈಯಿಂದಲೇ ಇಡಿಸಿ. ಜನವರಿ 6ರ ಮೂವರು ಜ್ಞಾನಿಗಳ ಹಬ್ಬದವರೆಗೆ ಗೋದಲಿ ಹಾಗೇ ಇರಲಿ. ಆಮೇಲೆ ನಕ್ಷತ್ರದ ಕಾಗದ ಕಿತ್ತು ಬಿದಿರನ್ನು ಅಟ್ಟಕ್ಕೆ ಹಾಕಿಡಿ. ಮುಂದಿನ ಸಲ ಬರೀ ಕಾಗದ ತಂದರಾಯಿತು.