ಚೆಕ್ ಎಂಜಿನ್ ಲೈಟ್ ಅಳಿಸಿದ್ರೂ ಹೊಳ್ಳಿ ಹೊಳ್ಳಿ ಹತ್ತತೈತಿ, ಆಕ್ಸಿಜನ್ ಸೆನ್ಸರ್ ಹೊಸಾದು ಹಾಕಸ್ಲ್ಯೋ ಬ್ಯಾಡೋ?

ನೀವು ಗದಗಿನವ್ರು, 2016ರ ಪೆಟ್ರೋಲ್ ಗಾಡಿ, ಗ್ಯಾರೇಜ್‌ನವ್ರು ಸ್ಕ್ಯಾನರ್ ಹಚ್ಚಿ ಲೈಟ್ ಅಳಿಸಿ ಕೊಡ್ತಾರ, ಹದಿನೈದು ದಿನಕ್ಕ ಹೊಳ್ಳಿ ಹತ್ತತೈತಿ, ಈಗ ಆಕ್ಸಿಜನ್ ಸೆನ್ಸರ್ (ಎಂಜಿನ್ ಹೊಗ್ಯಾಗ ಆಕ್ಸಿಜನ್ ಎಷ್ಟೈತಿ ಅಂತ ಅಳಿಯೂದು) ಬದಲಿ ಮಾಡ್ರಿ ಅನ್ನಾಕತ್ಯಾರ ಅಂತ ಬರದೀರಿ. ಈಗ ಮಾಡಸಬ್ಯಾಡ್ರಿ. ಇದ ಗುದ್ದಾಟ ನಾನೂ ಧಾರವಾಡದಾಗ ಒಂದ್ ಮಳಿಗಾಲ ಪೂರ್ತಿ ಮಾಡೇನಿ, ಅದಕ್ಕ ಇಷ್ಟ್ ಖಾತ್ರಿಲೆ ಹೇಳಾಕತ್ತೀನಿ.

ಲೈಟ್ ಹತ್ತಿದಾಗ ಯಾವ ದೋಷ ಅಂತ ಗಾಡಿ ಕಂಪ್ಯೂಟರ್ ಒಂದು ನಂಬರ್ ಬರದಿಡತೈತಿ, ಅದಕ್ಕ ಕೋಡ್ ಅಂತಾರ; ನಂದು ಪಿ0135 ಇತ್ತು. ಮುಂದಿನ (ಎಂಜಿನ್ ಕಡೆಗಿನ) ಆಕ್ಸಿಜನ್ ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನಾಗ ದೋಷ ಐತಿ ಅಂತ ಅದರ ಅರ್ಥ. ಸರ್ಕ್ಯೂಟ್ ಅಂದ್ರ ಸೆನ್ಸರ್ ಒಂದ ಅಲ್ರಿ, ಅದಕ್ಕ ಹೋಗೂ ವೈರ್, ಕನೆಕ್ಟರ್, ಫ್ಯೂಸ್ ಎಲ್ಲಾ ಬಂತು ಅದರಾಗ. ಗ್ಯಾರೇಜ್‌ನಾಗ ಸೆನ್ಸರ್ ಅನ್ನೂ ಹೆಸರು ಓದಿದ್ರು, ಸೆನ್ಸರ್ ಹೊಸಾದು ಹಾಕಿದ್ರು. ನಾಕೂವರಿ ಸಾವಿರ ರೊಕ್ಕ ಹೋತು, ಹನ್ನೆರಡನೇ ದಿನಕ್ಕ ಮುಂಜಾನೆ ಮತ್ತ ಅದ ಹಳದಿ ಲೈಟ್.

ಆಗ ನಾನ ಸಾವಿರ ರೂಪಾಯಿ ಒಳಗಿನ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ (ಗಾಡಿ ಕೋಡ್ ಓದೂ ಸಣ್ಣ ಸಾಧನ) ತಗೊಂಡೆ. ಸ್ಟಿಯರಿಂಗ್ ಕೆಳಗ 16 ಪಿನ್ನಿನ ಸಾಕೆಟ್ ಇರ್ತೈತಲ್ಲ ಅದಕ್ಕ ಚುಚ್ಚಿ ಮೊಬೈಲ್‌ನಾಗ ನೋಡೂದು (ಕೆಲಸ ಮುಗದ ಮ್ಯಾಲ ಕಿತ್ತಿಡ್ರಿ, ಹಂಗ ಬಿಟ್ರ ಬ್ಯಾಟರಿ ತಿಂತೈತಿ). ಕೋಡ್ ಜೋಡಿ ಫ್ರೀಜ್ ಫ್ರೇಮ್ ಅಂತ ಒಂದು ಇರ್ತೈತಿ, ಕೋಡ್ ಬಿದ್ದ ಗಳಿಗ್ಯಾಗ ಎಂಜಿನ್ ಎಷ್ಟ್ ಕಾದಿತ್ತು, ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು ಎಲ್ಲಾ ಬರದಿಟ್ಟಿರ್ತೈತಿ. ಕೋಡ್ ಅಳಿಸಿದ್ರ ಇದೂ ಅಳಸ್ತೈತಿ, ಅದಕ್ಕ ಓದೂಕಿಂತ ಮೊದಲ ಅಳಸಾಕ ಯಾರಿಗೂ ಬಿಡಬ್ಯಾಡ್ರಿ! ನಂದರಾಗ ಪ್ರತಿ ಸಲಾ ಎಂಜಿನ್ ತಣ್ಣಗ ಇದ್ದಾಗನ ಬಿದ್ದಿತ್ತು. ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಕಾದ ಮ್ಯಾಲನ ಸರಿಯಾಗಿ ಕೆಲಸ ಮಾಡತೈತಿ, ಗಾಡಿ ಚಾಲೂ ಮಾಡಿದ ಕೂಡ್ಲೆ ಹೀಟರ್ ಅದನ್ನ ಕಾಸ್ತೈತಿ, ಆ ಹೊತ್ತಿಗೆ ಕರೆಂಟ್ ಸರಿ ಬರ್ಲಿಲ್ಲಂದ್ರ ಕೋಡ್ ಬೀಳತೈತಿ. ಜಿಟಿಜಿಟಿ ಮಳಿ ಹಿಡದ ಮುಂಜಾನಿಗೆ ಮಾತ್ರ ಯಾಕ ಹತ್ತತೈತಿ ಅಂತ ಅವತ್ತ ತಲಿಗೆ ಹೊಳೀತು.

ಮಲ್ಟಿಮೀಟರ್‌ಲೆ ಕನೆಕ್ಟರ್ ನೋಡಿದ್ರ 12 ವೋಲ್ಟ್ ಬರೋಬ್ಬರಿ ತೋರಸ್ತಿತ್ತು. ಹುಬ್ಬಳ್ಳಿ ಗೋಕುಲ ರೋಡ್‌ನಾಗ ಒಬ್ರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಕಾಕಾ ಅದಾರ, ಅವ್ರ ಕಡೆ ಹೋದೆ. ಅವ್ರು ಮೀಟರ್ ಮುಟ್ಟಲಿಲ್ಲ. ಇಂಡಿಕೇಟರ್‌ನ ಒಂದು ಬಲ್ಬಿಗೆ ಎರಡು ವೈರ್ ಬೆಸುಗಿ ಹಾಕಿ ಇಟ್ಕೊಂಡಾರ, ಅದನ್ನ ಸೆನ್ಸರ್ ಕನೆಕ್ಟರಿಗೆ ಹಿಡದು ಗಾಡಿ ಚಾಲೂ ಮಾಡು ಅಂದ್ರು. ಬಲ್ಬ್ ಕೆಂಪಗ ಮಿಣಕ್ ಅಂತು ಅಷ್ಟ, ಉರೀಲಿಲ್ಲ. "ತಮ್ಮಾ, ಮೀಟರಿಗೆ ಕರೆಂಟ್ ಬೇಕಾಗಂಗಿಲ್ಲ, ಅದಕ್ಕ ಹನ್ನೆರಡು ತೋರಸ್ತೈತಿ, ಹೊರಿ ಹೊರಿಸಿದ್ರನ ವೈರ್ ಖರೇ ಹೇಳೂದು" ಅಂದ್ರು. ಆಮ್ಯಾಲ ವೈರಿನ ಗೊಂಚಲ ಕೈಯಾಗ ಹಿಡದು ಸ್ವಲ್ಪ ಸ್ವಲ್ಪ ಅಲ್ಲಾಡಿಸ್ಕೋತ ಹೋದ್ರು, ಬ್ಯಾಟರಿ ಹಿಂದ ಒಂದ್ ಕಡೆ ಅಲ್ಲಾಡಿಸಿದ್ರ ಬಲ್ಬ್ ಫಳ್ ಅಂತ ಹತ್ತಿ ಆರಿತು. ಟೇಪ್ ಬಿಚ್ಚಿ ನೋಡಿದ್ರ ಇಲಿ ಕಡದೈತಿ. ತಾಮ್ರ ಹಸರಗ ಆಗಿ ನಾಕೈದು ಎಳಿ ಉಳದಿದ್ವು. ನಾವು ಗಾಡಿ ನಿಲ್ಲಿಸೂ ಗ್ವಾಡಿ ಬಾಜೂಕನ ಜೋಳದ ಚೀಲ ಒಟ್ಟಿದ್ವಿ, ರಾತ್ರಿ ಬಿಸಿ ಎಂಜಿನ್ ಹುಡ್ಕೊಂಡು ಬಂದಿರ್ತಾವ.

ಆ ತುಂಡು ಕತ್ತರಿಸಿ ಹೊಸ ವೈರ್ ಜೋಡಿಸಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿದ್ರು, ಇನ್ನೂರೈವತ್ತು ರೂಪಾಯಿ. ತಗದ ಹಳೇ ಸೆನ್ಸರ್ ಡಿಕ್ಕಿಯಾಗ ಇತ್ತು, ಅದರ ಹೀಟರ್ ಅಳದ್ರ 6 ಓಮ್ ಬಂತು, ಏನೂ ಕೆಟ್ಟಿದ್ದಿಲ್ಲ. ಭಾಳ ಸಂಕಟ ಆತು ನೋಡ್ರಿ. ಎರಡು ಮಳಿಗಾಲ ಆತು, ಲೈಟ್ ಹತ್ತಿಲ್ಲ.

ನಿಮ್ಮ ಗಾಡಿದು ಇಲೀನ ಅಂತ ನಾ ಹೇಳಂಗಿಲ್ಲ. ಕೋಡ್ ಪಿ0301 ಇದ್ರ ಒಂದನೇ ಸಿಲಿಂಡರ್ ಮಿಸ್‌ಫೈರ್ (ಅದರಾಗ ಪೆಟ್ರೋಲ್ ಸರಿಯಾಗಿ ಉರಿಯಂಗಿಲ್ಲ), ಆಗ ಒಂದನೇದರ ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೂದು) ಮೂರನೇದಕ್ಕ ಹಾಕಿ ಓಡಸ್ರಿ, ಕೋಡ್ ಪಿ0303 ಆದ್ರ ಕಾಯಿಲ್ ಹೋಗೈತಿ, ಆಗಲಿಲ್ಲಂದ್ರ ಪ್ಲಗ್ ಹಂಗ ಅದಲಿ ಬದಲಿ ಮಾಡ್ರಿ. ಪಿ0171 ಇದ್ರ ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ ಅಂತ, ಏರ್ ಫಿಲ್ಟರ್‌ನಿಂದ ಎಂಜಿನ್ ಮಟ ಪೈಪ್ ಎಲ್ಲೆರೆ ಸೀಳೈತೇನು ನೋಡ್ರಿ. ಪಿ0420 ಇದ್ರ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಿನಾಗ ಹೊಗಿ ಸ್ವಚ್ಛ ಮಾಡೂದು) ಖರೀದಿ ಮಾಡೂಕಿಂತ ಮೊದಲ ಸೈಲೆನ್ಸರ್ ಪೈಪಿನ ಜೋಡಿನಾಗ ಎಲ್ಲೆರೆ ಲೀಕ್ ಐತೇನು ನೋಡಸ್ರಿ.

ಮತ್ತೊಂದು, ಲೈಟ್ ತಾನ ಆರಿದ್ರ ಸರಿ ಆತು ಅನ್ಕೋಬ್ಯಾಡ್ರಿ. ಸಾಲಾಗಿ ಮೂರು ಸಲ ಓಡಿಸಿದಾಗ ದೋಷ ಕಾಣಲಿಲ್ಲಂದ್ರ ಅದು ತಾನ ಆರತೈತಿ, ಕೋಡ್ ಮಾತ್ರ ಒಳಗ ಇರ್ತೈತಿ. ಆದ್ರ ಲೈಟ್ ಮಿಣಿಮಿಣಿ ಹೊಡ್ಕೊಳಾಕತ್ತಿದ್ರ ಅಣ್ಣಿಗೇರಿ ಮಟ ಹೋಗಿ ನೋಡೋಣು ಅನ್ನಬ್ಯಾಡ್ರಿ, ಅಲ್ಲೇ ಬಾಜೂಕ ನಿಲ್ಲಸ್ರಿ. ಹಂಗ ಹೊಡ್ಕೊಂಡ್ರ ಮಿಸ್‌ಫೈರ್ ಜೋರ ಐತಿ ಅಂತ ಅರ್ಥ, ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನ ಸುಡತೈತಿ, ಅದರ ಖರ್ಚು ಸೆನ್ಸರ್‌ಕಿಂತ ಎಷ್ಟೋ ಪಟ್ಟು.

ನಿಮ್ಮ ಕೋಡ್ ನಂಬರ್ ಪಿ ಅಕ್ಷರದಿಂದ ಪೂರ್ತಿ ಬರೀರಿ, ಲೈಟ್ ಮುಂಜಾನೆ ಹತ್ತತೈತ್ಯೋ ಓಡಸೂ ಮುಂದ ಹತ್ತತೈತ್ಯೋ ಅದನ್ನೂ ಹೇಳ್ರಿ, ನೋಡೋಣು.