ಕೊಟ್ಟಿಗೆ ಪ್ರಶ್ನೋತ್ತರ: ಗಬ್ಬವೆಂದು ಕೊಂಡ ಹಸು ಬೆದೆಗೆ ಬಂದಾಗ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ, ಕಳೆದ ತಿಂಗಳು ಸಂತೆಯಲ್ಲಿ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹಸುವೊಂದನ್ನು 78,000 ರೂಪಾಯಿಗೆ ಕೊಂಡೆ. ಒಂದು ಸೂಲು ಮುಗಿದಿದೆ, ಈಗ ಐದು ತಿಂಗಳ ಗಬ್ಬ ಎಂದು ಮಾಲೀಕ ಮತ್ತು ದಲ್ಲಾಳಿ ಇಬ್ಬರೂ ಹೇಳಿದರು. 70,000 ರೂಪಾಯಿಯನ್ನು ಮಾಲೀಕರ ಖಾತೆಗೆ ಮೊಬೈಲಿನಲ್ಲಿ ಹಾಕಿದೆ, ಉಳಿದದ್ದು ನಗದು. ಚೀಟಿ ಏನೂ ಬರೆಸಿಕೊಳ್ಳಲಿಲ್ಲ. ತಂದ ಇಪ್ಪತ್ತಾರನೆಯ ದಿನ ಹಸು ಕೂಗತೊಡಗಿತು, ತಿಳಿ ಲೋಳೆ ಸುರಿಸಿತು. ಡೇರಿಯ ಕೃತಕ ಗರ್ಭಧಾರಣೆ ಕಾರ್ಯಕರ್ತರು ಕೈ ಹಾಕಿ ನೋಡಿ ಖಾಲಿ ಇದೆ ಎಂದರು. ದಲ್ಲಾಳಿಯನ್ನು ಕೇಳಿದರೆ, "ನಿಮ್ಮ ಕೊಟ್ಟಿಗೆಯಲ್ಲೇ ಕಂದು ಹಾಕಿದೆ, ನಮಗೇನು ಸಂಬಂಧ?" ಎನ್ನುತ್ತಾನೆ. ನಮ್ಮ ಭಾವನವರು, ಬೇರೆ ಸಂತೆಗೆ ಹೊಡೆದುಕೊಂಡು ಹೋಗಿ ಗಬ್ಬದ ಹಸು ಎಂದೇ ಮಾರಿಬಿಡು ಎನ್ನುತ್ತಾರೆ. ನನಗೆ ದಾರಿ ತೋಚುತ್ತಿಲ್ಲ.
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ತಾಯಿ, ನಿಮ್ಮ ಪತ್ರ ಕೈಸೇರಿದ ದಿನವೇ ಫೋನ್ ಮಾಡಿ ಮೂರು ಮಾತು ಹೇಳಿದ್ದೆ. ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ ಬರಹದಲ್ಲಿ ಪಡೆಯಿರಿ, ಸದ್ಯಕ್ಕೆ ಕೃತಕ ಗರ್ಭಧಾರಣೆ ಬೇಡ, ಮಾರಿದವರಿಗೆ ಇಂದೇ ತಿಳಿಸಿ. ನಿಮ್ಮಂತೆಯೇ ನೊಂದವರ ಪತ್ರಗಳು ವರ್ಷಕ್ಕೆ ನಾಲ್ಕೈದಾದರೂ ಬರುವುದರಿಂದ, ಅಂದು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಾನೂನಿನ ಭಾಗವನ್ನು ಬರೆಯುವ ಮೊದಲು ವಕೀಲ ಮಿತ್ರರೊಬ್ಬರ ಜೊತೆ ಕುಳಿತು ಖಚಿತಪಡಿಸಿಕೊಂಡಿದ್ದೇನೆ.

ಇಡೀ ಜಗಳ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಹಸು ಸಂತೆಯಲ್ಲಿ ನಿಂತಿದ್ದಾಗ ಗಬ್ಬವಾಗಿತ್ತೇ, ಇಲ್ಲವೇ? ಇದಕ್ಕೆ ಉತ್ತರ ಹಸುವಿನ ಹೊಟ್ಟೆಯಲ್ಲಿದೆ, ಆದರೆ ಅದು ಬಹಳ ದಿನ ಅಲ್ಲಿ ಉಳಿಯುವುದಿಲ್ಲ. ಐದು ತಿಂಗಳ ಭ್ರೂಣವೆಂದರೆ ದೊಡ್ಡ ಬೆಕ್ಕಿನ ಗಾತ್ರದ್ದು. ಅದು ಬಿದ್ದರೆ ಕೊಟ್ಟಿಗೆಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುವುದು ಕಷ್ಟ. ಅದರ ಹಿಂದೆ ಮಾಸು ಬೀಳಬೇಕು, ಇಲ್ಲವೇ ಒಳಗೇ ಉಳಿದು ಕೊಳೆತು ನಾರಬೇಕು. ಹಲವು ದಿನ ಬಾಲ, ತೊಡೆಯೆಲ್ಲ ಕೆಂಪು ಕಂದು ಸ್ರಾವದಿಂದ ಒದ್ದೆಯಾಗಿರುತ್ತದೆ. ಹಿಗ್ಗಿದ ಗರ್ಭಕೋಶ ಮೊದಲಿನ ಅಳತೆಗೆ ಕುಗ್ಗಲು ವಾರಗಳೇ ಬೇಕು. ಇಂಥದ್ದು ಯಾವುದನ್ನೂ ಕಾಣಲಿಲ್ಲ ಎಂದು ನೀವು ಫೋನಿನಲ್ಲಿ ಹೇಳಿದಿರಿ. ವೈದ್ಯರ ಕೈಗೆ ಗರ್ಭಕೋಶದ ಎರಡೂ ಕೊಂಬು (ಕವಲು) ಸಮವಾಗಿ, ಸಣ್ಣಗೆ ಸಿಕ್ಕಿ, ಲೋಳೆ ಗಾಜಿನಂತೆ ತಿಳಿಯಾಗಿದ್ದರೆ, ದಲ್ಲಾಳಿಯ ಮಾತು ನಿಲ್ಲುವುದು ಕಷ್ಟ. ಆದರೆ ಆ ಪರೀಕ್ಷೆ ಇನ್ನೊಂದು ತಿಂಗಳು ತಡವಾದರೆ ಯಾವ ವೈದ್ಯರೂ ಖಚಿತವಾಗಿ ಬರೆದುಕೊಡಲಾರರು. ಡೇರಿ ಕಾರ್ಯಕರ್ತರ ಬಾಯಿಮಾತು ಸಾಲದು. ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರಿಂದ ದಿನಾಂಕ, ಕಿವಿಯ ಬಿಲ್ಲೆಯ 12 ಅಂಕಿ, ಬಣ್ಣ, ಗುರುತು, ಗರ್ಭಕೋಶದ ಸ್ಥಿತಿ ಇಷ್ಟನ್ನೂ ಬರೆಸಿಕೊಳ್ಳಿ. ಹಸುವನ್ನು ಸಾಗಿಸಲು ಆಗದಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಘಟಕವನ್ನು ಕೇಳಿ.

ಆ ಬಿಲ್ಲೆಯ ಸಂಖ್ಯೆಗೆ ಇನ್ನೊಂದು ಬೆಲೆಯಿದೆ. ಕೃತಕ ಗರ್ಭಧಾರಣೆ ಮಾಡಿದ ದಿನ, ಗಬ್ಬ ಪರೀಕ್ಷೆಯ ಫಲ ಇವನ್ನು ಅದೇ ಸಂಖ್ಯೆಯಡಿ ಭಾರತ್ ಪಶುಧನ್ ಎಂಬ ಸರ್ಕಾರಿ ಗಣಕ ದಾಖಲೆಯಲ್ಲಿ ಏರಿಸುವ ವ್ಯವಸ್ಥೆ ಇದೆ. ಐದು ತಿಂಗಳ ಗಬ್ಬವಾಗಿದ್ದರೆ ಐದು ತಿಂಗಳ ಹಿಂದೆ ಯಾರೋ ವೀರ್ಯ ಹಾಕಿರಬೇಕು. ನಿಮ್ಮ ವೈದ್ಯರಿಗೆ ಹೇಳಿ ತೆಗೆಸಿ ನೋಡಿ. ದಾಖಲೆಯಲ್ಲಿ ಏನೂ ಇಲ್ಲವೆಂದರೆ ಅಷ್ಟರಿಂದಲೇ ಮೋಸವೆಂದು ಹೇಳಲಾಗದು, ಹೋರಿ ಬಿಟ್ಟಿರಬಹುದು. ಆದರೆ ಎರಡು ತಿಂಗಳ ಹಿಂದಿನ ದಿನಾಂಕ ಸಿಕ್ಕಿತೆಂದರೆ ಐದು ತಿಂಗಳ ಕಥೆ ಅಲ್ಲಿಗೇ ಮುಗಿಯಿತು.

ಮಾರಿದವರನ್ನು ಕಳ್ಳರೆಂದು ಕರೆಯುತ್ತಾ ಮಾತು ಆರಂಭಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇದಕ್ಕೆ ಕಾರಣವಿದೆ. ಪಶುವೈದ್ಯನಾಗಿ ಸೇವೆಗೆ ಸೇರಿದ ಎರಡನೆಯ ವರ್ಷ ನಾನು ಒಂದು ಹಸುವಿಗೆ ಕೈ ಹಾಕಿ ಮೂರು ತಿಂಗಳ ಗಬ್ಬ ಎಂದೆ. ಆ ರೈತರು ನನ್ನ ಮಾತನ್ನು ನಂಬಿ ಮಾರಿದರು. ಗರ್ಭಕೋಶದಲ್ಲಿ ಇದ್ದದ್ದು ಕರುವಲ್ಲ, ಕೀವು. ಕೀವು ತುಂಬಿದ ಗರ್ಭಕೋಶವೂ ಹಿಗ್ಗಿರುತ್ತದೆ, ಹಸುವೂ ಬೆದೆಗೆ ಬರುವುದಿಲ್ಲ. ಎರಡು ಊರಿನವರ ನಡುವೆ ವೈಮನಸ್ಸು ಬೆಳೆಯಿತು, ತಪ್ಪು ನನ್ನದಾಗಿತ್ತು. ಇಬ್ಬರ ಮನೆಗೂ ಹೋಗಿ ಹಾಗೆಂದು ಹೇಳಿ ಬಂದೆ. ವೀರ್ಯ ಹಾಕಿಸಿದ ಮೇಲೆ ಹಸು ಬೆದೆ ತೋರಿಸಲಿಲ್ಲ, ಆದ್ದರಿಂದ ಗಬ್ಬ ಎಂದು ಪ್ರಾಮಾಣಿಕವಾಗಿ ನಂಬಿ ಮಾರುವವರೂ ಇದ್ದಾರೆ.

ನಿಮಗೆ ಸಮಾಧಾನ ಕೊಡುವ ಸಂಗತಿಯೆಂದರೆ, ಅವರು ತಿಳಿದು ಸುಳ್ಳು ಹೇಳಿರಲಿ, ತಿಳಿಯದೆ ತಪ್ಪು ಹೇಳಿರಲಿ, ನಿಮ್ಮ ಹಕ್ಕು ಪೂರ್ತಿ ಕಳೆದುಹೋಗುವುದಿಲ್ಲ. ಹಸು ಕಾನೂನಿನ ಕಣ್ಣಿಗೆ ಚರ ಸ್ವತ್ತು, ಆದ್ದರಿಂದ 1930ರ ಸರಕು ಮಾರಾಟ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. "ಐದು ತಿಂಗಳ ಗಬ್ಬ" ಎಂಬ ವರ್ಣನೆಯ ಮೇಲೆ ವ್ಯಾಪಾರವಾದರೆ, ಸರಕು ಆ ವರ್ಣನೆಗೆ ಹೊಂದಬೇಕು ಎನ್ನುತ್ತದೆ ಅದರ 15ನೇ ಕಲಂ. 1872ರ ಕರಾರು ಕಾಯ್ದೆಯ ಪ್ರಕಾರ ತಪ್ಪು ನಿರೂಪಣೆಯಿಂದ ಆದ ವ್ಯಾಪಾರವನ್ನು ರದ್ದುಪಡಿಸಲು ಕೇಳಬಹುದು. "ನೀವೇ ಪರೀಕ್ಷೆ ಮಾಡಿಸಿಕೊಳ್ಳಬಹುದಿತ್ತಲ್ಲ" ಎಂಬ ಎದುರು ವಾದ ಬಂದೇ ಬರುತ್ತದೆ. ತಿಳಿಯದೆ ಹೇಳಿದ ತಪ್ಪಿಗೆ ಆ ವಾದಕ್ಕೆ ತೂಕವಿದೆ. ತಿಳಿದೂ ಬಾಯಿಬಿಟ್ಟು ಹೇಳಿದ ಸುಳ್ಳಿಗೆ ಅದು ರಕ್ಷಣೆಯಾಗದು.

ಈಗ ನೀವು ತೀರ್ಮಾನಿಸಬೇಕಾದದ್ದು ಹಸುವನ್ನು ಹಿಂದಿರುಗಿಸುವಿರೋ, ಇಟ್ಟುಕೊಂಡು ಬೆಲೆಯ ವ್ಯತ್ಯಾಸ ಕೇಳುವಿರೋ ಎಂಬುದು. ಹಿಂದಿರುಗಿಸುವುದಾದರೆ ತಡ ಮಾಡುವಂತಿಲ್ಲ. ತಕ್ಕ ಸಮಯದಲ್ಲಿ ಬೇಡವೆನ್ನದೆ ಇಟ್ಟುಕೊಂಡರೆ, ಅಥವಾ ಮಾಲೀಕರಂತೆ ಅದರ ಮೇಲೆ ಕ್ರಿಯೆ ನಡೆಸಿದರೆ, ಸರಕನ್ನು ಒಪ್ಪಿಕೊಂಡಂತೆ ಎಂದು ಅದೇ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಗರ್ಭಧಾರಣೆ ಮಾಡಿಸಬೇಡಿ ಎಂದು ನಾನು ಅವಸರಪಟ್ಟದ್ದು ಇದಕ್ಕೇ. ಅದಲ್ಲದೆ, ನೂರರಲ್ಲಿ ಕೆಲವು ಹಸುಗಳು ಗಬ್ಬವಿದ್ದೂ ಬೆದೆಯ ಲಕ್ಷಣ ತೋರಿಸುತ್ತವೆ. ಅಂಥದ್ದಕ್ಕೆ ನಳಿಕೆ ಹಾಕಿದರೆ ಇರುವ ಗಬ್ಬವೂ ಹೋಗಬಹುದು.

ನನ್ನ ಅಭಿಪ್ರಾಯ ಕೇಳಿದಿರಿ. ಗರ್ಭಕೋಶ ಆರೋಗ್ಯವಾಗಿದೆ, ಕಂದು ಹಾಕಿಸುವ ರೋಗದ (ಬ್ರುಸೆಲ್ಲೋಸಿಸ್) ರಕ್ತಪರೀಕ್ಷೆಯಲ್ಲಿ ದೋಷವಿಲ್ಲ ಎಂದಾದರೆ ಹಸುವನ್ನು ಇಟ್ಟುಕೊಳ್ಳಿ. ಒಂದೇ ಸೂಲಿನ ಹಸು, ಹೊತ್ತಿಗೆ ಎರಡು ಲೀಟರ್ ಹಾಲೂ ಇದೆ, 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಇಂದು ಅದೇ ಸಂತೆಯಲ್ಲಿ ಇಂಥ ಖಾಲಿ ಹಸುವಿಗೆ ಎಷ್ಟು ಸಿಗುತ್ತದೆ ಎಂದು ಇಬ್ಬರು ತಿಳಿದವರನ್ನು ಕೇಳಿ. ಆ ಬೆಲೆಗೂ 78,000ಕ್ಕೂ ಇರುವ ವ್ಯತ್ಯಾಸ ನಿಮಗೆ ಬರಬೇಕು. ಕರು ಮತ್ತು ತುಂಬು ಹಾಲು ಐದು ತಿಂಗಳಿಗೂ ಹೆಚ್ಚು ದೂರ ಹೋದವು, ಆ ಅವಧಿಯ ಮೇವು ಹಿಂಡಿಯ ಲೆಕ್ಕವನ್ನೂ ಬರೆದಿಡಿ. ಪರೀಕ್ಷೆಯಲ್ಲಿ ರೋಗ ಕಂಡರೆ ಮಾತ್ರ ಬೇರೆ ಯೋಚನೆಯೇ ಬೇಡ, ಹಿಂದಿರುಗಿಸಲು ಕೇಳಿ. ಆ ರೋಗಕ್ಕೆ ಹಸುಗಳಲ್ಲಿ ಚಿಕಿತ್ಸೆಯಿಲ್ಲ, ಮನುಷ್ಯರಿಗೂ ತಗಲುತ್ತದೆ. ಫಲಿತಾಂಶ ಬರುವವರೆಗೆ ಹಾಲನ್ನು ಕುದಿಸದೆ ಯಾರಿಗೂ ಕೊಡಬೇಡಿ.

ನೋಟಿಸ್ ಬರೆಯಲು ದೊಡ್ಡ ಭಾಷೆ ಬೇಕಿಲ್ಲ. ಕೊಂಡ ದಿನ, ಕೊಟ್ಟ ಹಣ, ಅವರು ಹೇಳಿದ ಮಾತು, ವೈದ್ಯರು ಕಂಡದ್ದು, ನೀವು ಕೇಳುವುದು, ಹದಿನೈದು ದಿನದ ಗಡುವು. ಮಾಲೀಕರಿಗೂ ದಲ್ಲಾಳಿಗೂ ಬೇರೆ ಬೇರೆಯಾಗಿ, ಸ್ವೀಕೃತಿ ಪತ್ರ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾಡುವ ಸಂತೆಯಲ್ಲಿ ಬೆಲೆಗೇ ಸಾಕ್ಷಿ ಇರುವುದಿಲ್ಲ. ನೀವು 70,000 ಖಾತೆಗೆ ಹಾಕಿದ್ದು ನಿಮ್ಮನ್ನು ಕಾಯುತ್ತದೆ. ಅಂದು ಜೊತೆಗಿದ್ದ ಇಬ್ಬರ ಹೇಳಿಕೆ ಬರೆದು ಸಹಿ ಹಾಕಿಸಿ, ನೆನಪು ಮಾಸುವ ಮೊದಲು.

ನೋಟಿಸಿಗೆ ಬಗ್ಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ, ಈ ಮಾತು ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಲುಪಿಯೇ ಇಲ್ಲ. ಇಂಥ ವ್ಯಾಜ್ಯ ಲೋಕ ಅದಾಲತ್ತಿನಲ್ಲಿ ಕುಳಿತು ಬಗೆಹರಿಯುವಂಥದ್ದು. ಸಿವಿಲ್ ದಾವೆಗೆ ಮೂರು ವರ್ಷಗಳ ಕಾಲಾವಕಾಶವಿದೆ. ಮಾರಿದವರು ದನದ ವ್ಯಾಪಾರವನ್ನೇ ಕಸುಬಾಗಿ ಮಾಡುವವರಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಜೀವನೋಪಾಯಕ್ಕಾಗಿ ಸ್ವಂತ ದುಡಿಮೆಗೆ ಕೊಂಡವರನ್ನೂ ಆ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಮನೆಯ ಒಂದು ಹಸುವನ್ನು ಮಾರಿದ ರೈತರ ಮೇಲೆ ಈ ದಾರಿ ಹಿಡಿಯುವುದು ಕಷ್ಟ. ಪೊಲೀಸ್ ಠಾಣೆ ಕೊನೆಯ ಮಾತು. ಆರಂಭದಿಂದಲೇ ವಂಚಿಸುವ ಉದ್ದೇಶವಿತ್ತು ಎಂದು ತೋರಿಸಲಾಗದಿದ್ದರೆ, ಇದು ಸಿವಿಲ್ ವಿಷಯ ಎಂದು ಕಳುಹಿಸುತ್ತಾರೆ.

ನಿಮ್ಮ ಭಾವನವರ ಸಲಹೆ ಬೇಡ, ತಾಯಿ. ನಿಮಗೆ ಮಾರಿದವರು ಬಹುಶಃ ತಪ್ಪು ತಿಳಿದಿದ್ದರು ಎಂದಾದರೂ ಹೇಳಬಹುದು. ನೀವು ಮಾರಿದರೆ ತಿಳಿದೇ ಮಾರಿದಂತೆ. ಇನ್ನೊಂದು ಸಂಘದ ಸಾಲ, ಇನ್ನೊಬ್ಬ ಹೆಣ್ಣುಮಗಳ ಹೆಸರಿನಲ್ಲಿ, ಇದೇ ಪತ್ರವಾಗಿ ನನ್ನ ಮೇಜಿಗೆ ಬರುತ್ತದೆ. ಮಾರಲೇಬೇಕೆಂದರೆ ಖಾಲಿ ಎಂದು ಹೇಳಿಯೇ ಮಾರಿ.

ಪ್ರಶ್ನೆ: ಹತ್ತು ತಿಂಗಳ ಹಿಂದೆ ಕೊಂಡ ಕಡಸಿಗೆ ಈಗ ಎರಡು ವರ್ಷ ದಾಟಿದೆ, ಒಮ್ಮೆಯೂ ಬೆದೆಗೆ ಬಂದಿಲ್ಲ. ಅದು ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ್ದೆಂದು ಈಗ ಗೊತ್ತಾಯಿತು. ಮಾರಿದವರು ಆಗ ಏನೂ ಹೇಳಿರಲಿಲ್ಲ. ಹಣ ಕೇಳಬಹುದೇ?
(ಓದುಗರು, ಮದ್ದೂರು)

ಉತ್ತರ: ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಂಜೆ. ತಾಯಿಯ ಹೊಟ್ಟೆಯಲ್ಲಿ ಎರಡರ ರಕ್ತನಾಳಗಳು ಕೂಡಿಕೊಂಡು, ಗಂಡಿನ ಪ್ರಭಾವದಿಂದ ಹೆಣ್ಣಿನ ಜನನಾಂಗ ಬೆಳೆಯುವುದೇ ಇಲ್ಲ. ಆದರೂ ವೈದ್ಯರು ಕೈ ಹಾಕಿ ನೋಡದೆ ತೀರ್ಮಾನಕ್ಕೆ ಬರಬೇಡಿ. ಮೈತೂಕ 250 ಕಿಲೋ ಮುಟ್ಟದ ಎಷ್ಟೋ ಮಿಶ್ರತಳಿ ಕಡಸುಗಳು ಬರೀ ಮೇವಿನ ಕೊರತೆಯಿಂದ ಬೆದೆಗೆ ಬರುವುದಿಲ್ಲ.

ಹಣದ ವಿಷಯದಲ್ಲಿ ನಿಮ್ಮ ಸ್ಥಿತಿ ದುರ್ಬಲ. ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆಯಿದೆ. ಕುದುರೆಗೆ ದೋಷವಿದೆ ಎಂದು ತಿಳಿದೂ ಮಾರುವವನು ಹರಾಜಿನಲ್ಲಿ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು, "ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆ ಎಂದೇ ತಿಳಿಯುತ್ತೇನೆ" ಎಂದಾಗ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಸುಳಿ ನೋಡುತ್ತೇವೆ, ಹಲ್ಲು ಎಣಿಸುತ್ತೇವೆ, ಅವಳಿಯೇ ಎಂದು ಕೇಳುವುದಿಲ್ಲ. ಗಬ್ಬ ಕಟ್ಟುವ ಕಡಸು ಎಂದು ಅವರು ಸಾಕ್ಷಿಗಳೆದುರು ಹೇಳಿದ್ದರೆ ಮಾತ್ರ ನೋಟಿಸ್ ಕೊಡಿ. ಇಲ್ಲವಾದರೆ ಊರಿನ ಹಿರಿಯರ ಮುಂದೆ ಕುಳಿತು ಸಿಕ್ಕಷ್ಟಕ್ಕೆ ಒಪ್ಪುವುದು ಲೇಸು.

ಪ್ರಶ್ನೆ: ಕೊಳ್ಳುವ ಮೊದಲು ಕೈ ಹಾಕಿಸಿ ನೋಡುತ್ತೇನೆ ಎಂದರೆ, ಹಾಗೆ ಮಾಡಿದರೆ ಕಂದು ಹಾಕುತ್ತದೆ ಎಂದು ಮಾಲೀಕರು ಬಿಡುವುದಿಲ್ಲ. ನಿಜವೇ?
(ಓದುಗರು, ತಿಪಟೂರು)

ಉತ್ತರ: ಪಳಗಿದ ವೈದ್ಯರ ಕೈಯಲ್ಲಿ ಎರಡು ತಿಂಗಳು ದಾಟಿದ ಗಬ್ಬಕ್ಕೆ ಭಯಪಡಬೇಕಿಲ್ಲ. ಒಂದೂವರೆ ತಿಂಗಳೊಳಗಿನದನ್ನು ಒರಟಾಗಿ ಹಿಸುಕುವುದು ಮಾತ್ರ ಅಪಾಯ. ಅಲ್ಟ್ರಾಸೌಂಡ್ ಇರುವ ಕಡೆ ಸುಮಾರು 30ನೇ ದಿನದಿಂದಲೇ ತಿಳಿಯುತ್ತದೆ. ಮಾಲೀಕರು ಒಪ್ಪದಿದ್ದರೆ ಖಾಲಿ ಹಸುವಿನ ಬೆಲೆ ಹೇಳಿ. ಅಥವಾ ಹತ್ತು ಸಾವಿರ ಉಳಿಸಿಕೊಂಡು, ನಿಮ್ಮ ಊರಿನ ವೈದ್ಯರು ಒಂದು ವಾರದೊಳಗೆ ಗಬ್ಬ ಎಂದು ಬರೆದುಕೊಟ್ಟ ಮೇಲೆ ಕೊಡುತ್ತೇನೆ ಎಂದು ಚೀಟಿ ಮಾಡಿಕೊಳ್ಳಿ, ಅದರಲ್ಲಿ ಬಿಲ್ಲೆಯ ಸಂಖ್ಯೆ ಮತ್ತು ಇಬ್ಬರ ಸಹಿ ಇರಲಿ.